ಆರನೆಯ ಅವರೆಕಾಳು

ಸಾವಿನ ಮುಂದೆ ಸಕಲ ಜೀವಿಗಳೂ ಸಮಾನ. ಮೂವತ್ತು ವರ್ಷ ಪಶುವೈದ್ಯನಾಗಿ ದುಡಿದವನ ಬಾಯಲ್ಲಿ ಒಪ್ಪುವಂಥ ಮಾತು. ಆದರೆ ನಮ್ಮ ಆಸ್ಪತ್ರೆಯ ತೂಕದ ಯಂತ್ರ ಈ ಮಾತನ್ನು ಒಪ್ಪುತ್ತಿರಲಿಲ್ಲ. ಐದು ಕಿಲೋಗಿಂತ ಹಗುರವಾದದ್ದನ್ನು ಅದರ ಮೇಲಿಟ್ಟರೆ ಮುಳ್ಳು ಸೊನ್ನೆಯಿಂದ ಏಳುತ್ತಲೇ ಇರಲಿಲ್ಲ. ಅದರ ಪ್ರಕಾರ ಅಂಥ ಜೀವಿ ಹುಟ್ಟಿಯೇ ಇಲ್ಲ. ಇನ್ನು ಸಾಯುವ ಮಾತೆಲ್ಲಿ.

ಹೊಸಕೋಟೆ ತಾಲ್ಲೂಕಿನ ಒಂದು ಹೋಬಳಿ ಆಸ್ಪತ್ರೆ ನಮ್ಮದು. ನಾನು, ನನ್ನದೇ ವಯಸ್ಸಿನ ಒಬ್ಬ ಸಹಾಯಕ, ದನ ನಿಲ್ಲಿಸಲು ಒಂದು ಕಬ್ಬಿಣದ ಚೌಕಟ್ಟು, ಇಷ್ಟೇ ಸಂಸಾರ. ಅವರೆಕಾಯಿ ಕಾಲದ ಒಂದು ಬೆಳಿಗ್ಗೆ ಸಮೇತನಹಳ್ಳಿ ಕಡೆಯ ಗೌಡರೊಬ್ಬರು ಮುಚ್ಚಳಕ್ಕೆ ತೂತು ಹೊಡೆದ ಸ್ಟೀಲ್ ಡಬ್ಬಿ ಹಿಡಿದು ಬಂದರು. ಹನ್ನೊಂದು ಸೀಮೆಹಸು ಕಟ್ಟಿರುವ ಮನುಷ್ಯ. ಗಂಡುಕರು ಹುಟ್ಟಿದರೆ ಮೂರನೆಯ ದಿನ ಅದು ಅವರ ಕೊಟ್ಟಿಗೆಯಲ್ಲಿ ಇರುವುದಿಲ್ಲ. ಗಬ್ಬ ನಿಲ್ಲದ ಹಸುವಿಗೆ ಇನ್ನೊಂದು ಸಲ ಪ್ರಯತ್ನ ಮಾಡೋಣ ಎಂದರೆ, "ಸೆಂಟಿಮೆಂಟು ಎಷ್ಟು ಲೀಟರ್ ಕೊಡ್ತದೆ ಡಾಕ್ಟ್ರೇ?" ಎಂದು ನನ್ನನ್ನೇ ಕೇಳಿದವರು. ಅವರು ಡಬ್ಬಿಯನ್ನು ಮೇಜಿನ ಮೇಲಿಟ್ಟು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಬಾಗಿಲ ಕಡೆ ಒಮ್ಮೆ ನೋಡಿ ಹೇಳಿದರು.

"ಇಲಿಗೆ ಕೆನ್ನೆ ಊದೈತೆ."

ಒಳಗಿದ್ದದ್ದು ಹ್ಯಾಮ್‌ಸ್ಟರ್, ಪಟ್ಟಣದವರು ಪಂಜರದಲ್ಲಿ ಸಾಕುವ ಮೊಂಡುಬಾಲದ ಇಲಿ. ಚಿನ್ನದ ಬಣ್ಣ, ಬಿಳಿ ಹೊಟ್ಟೆ, ಬಲಗಡೆ ಕೆನ್ನೆಯಿಂದ ಭುಜದವರೆಗೆ ಒಂದು ಉಬ್ಬು. ನನ್ನ ಸಹಾಯಕ ಬಗ್ಗಿ ನೋಡಿದ. ಕೊಬ್ಬಿದ ಎಮ್ಮೆಯನ್ನು ಮೂಗು ಹಿಡಿದೇ ನಿಲ್ಲಿಸಬಲ್ಲ ಆಸಾಮಿ.

"ಇದುನ್ನ ಎಲ್ಲಿ ಇಡ್ಕೊಳ್ಳೋದು ಸಾ? ಮೂಗುದಾರ ಹಾಕ್ಸವ್ರಾ?"

"ನಗಬೇಡ ಕಣಯ್ಯ," ಅಂದರು ಗೌಡರು. "ಇದು ನಮ್ಮನೆಯೋಳ ಕೈ."

ಆ ಮಾತಿನ ಅರ್ಥ ಹೀಗೆ. ಎಂಟು ತಿಂಗಳ ಹಿಂದೆ ಗೌಡರ ಹೆಂಡತಿಗೆ ಲಕ್ವ ಹೊಡೆದಿತ್ತು. ಮಾತು ಪೂರಾ ಹೋಗಿತ್ತು, ಬಲಗೈ ಮುಷ್ಟಿಯಾಗಿ ಮಡಚಿಕೊಂಡಿತ್ತು. ವಾರಕ್ಕೆರಡು ಸಲ ಬರುವ ಫಿಸಿಯೋಥೆರಪಿಸ್ಟ್ ಒಂದು ರಬ್ಬರ್ ಚೆಂಡು ಕೊಟ್ಟು ಹಿಸುಕಿ ಎಂದರೆ ಆಕೆ ಎಡಗೈಯಲ್ಲಿ ಅದನ್ನು ಅಂಗಳಕ್ಕೆ ಎಸೆದಿದ್ದರು. ಆ ಹೊತ್ತಿಗೆ, ಪಿಲ್ಲಗುಂಪೆಯ ಕಾರ್ಖಾನೆಗೆ ಹೋಗುತ್ತಿದ್ದ ಒಂದು ಉತ್ತರ ಭಾರತದ ಸಂಸಾರ ಇವರ ಬಾಡಿಗೆ ಕೋಣೆ ಖಾಲಿ ಮಾಡುವಾಗ ಒಂದು ಒಡೆದ ಬಕೆಟ್ಟನ್ನೂ ಒಂದು ಪಂಜರವನ್ನೂ ಬಿಟ್ಟುಹೋಯಿತು. ಗೌಡರು ಬಕೆಟ್ಟನ್ನು ಇಟ್ಟುಕೊಂಡರು. ಪಂಜರದೊಳಗಿನದನ್ನು ಬೆಕ್ಕಿಗೆ ಹಾಕಲು ಹೊರಟಾಗ ಜಗಲಿಯ ಮಂಚದ ಮೇಲಿದ್ದ ಹೆಂಡತಿಯ ಕಣ್ಣು ಅದರ ಹಿಂದೆಯೇ ಹೋದದ್ದನ್ನು ನೋಡಿ, ಪಂಜರವನ್ನು ಮಂಚದ ಪಕ್ಕ ಇಟ್ಟರು. ಮುಂದಿನದನ್ನು ಆಕೆಯೇ ಕಂಡುಕೊಂಡರು. ನೆನೆಸಿದ ಅವರೆಕಾಳನ್ನು ಬಲಗೈಯ ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು, ಎಡಗೈಯಿಂದ ಒತ್ತಾಸೆ ಕೊಟ್ಟು, ಹಿತುಕಿ, ಸಿಪ್ಪೆ ಬಿಡಿಸಿ ಕಂಬಿಯ ಸಂದಿನಲ್ಲಿ ಹಿಡಿಯುವುದು. ಅದು ಬಂದು ಕಾಳು ತೆಗೆದುಕೊಂಡು, ತಿನ್ನದೆ, ಕೆನ್ನೆಯೊಳಗೆ ತುಂಬಿಕೊಂಡು ಓಡುವುದು. ಮೊದಲ ದಿನ ಒಂದು ಕಾಳು. ಈಗ ಒಂದು ಹೊತ್ತಿಗೆ ಹನ್ನೆರಡು. ಹಿತುಕಿದ್ದರಲ್ಲಿ ಇಲಿಗೆ ಹೆಚ್ಚಾಗಿ ಉಳಿದದ್ದು ಮನೆಯವರ ಸಾರಿಗೆ.

"ಆ ಕೈ ಆಡ್ತಿರೋದು ಈ ಇಲಿಯಿಂದ ಡಾಕ್ಟ್ರೇ. ಅದಕ್ಕೇ ಬಂದೆ. ಇಲ್ದಿದ್ರೆ ನಾನು ಇಲಿ ಹೊತ್ಕೊಂಡು ಬರೋ ಪೈಕಿಯಾ?"

ನಾನು ಕನ್ನಡಕ ಏರಿಸಿಕೊಂಡೆ. ಹ್ಯಾಮ್‌ಸ್ಟರಿಗೆ ಎರಡೂ ಕೆನ್ನೆಯಲ್ಲಿ ಭುಜದವರೆಗೆ ಇಳಿಯುವ ಚೀಲವಿರುತ್ತದೆ, ಸಿಕ್ಕಿದ್ದನ್ನೆಲ್ಲ ಅದರಲ್ಲಿ ತುಂಬಿಕೊಳ್ಳುತ್ತದೆ ಎಂದು ಎಂದೋ ಓದಿದ್ದು ನೆನಪಿತ್ತು. ಹತ್ತಿ ಸುತ್ತಿದ ಕಡ್ಡಿಯನ್ನು ಸಲೈನಿನಲ್ಲಿ ಅದ್ದಿ ಬಾಯಿಯ ಮೂಲೆಯಿಂದ ಒಳಗೆ ಬಿಟ್ಟು ಹೊರಗಿನಿಂದ ಮೆಲ್ಲಗೆ ಒತ್ತಿದೆ. ಒಂದು ಅವರೆಕಾಳು ಹೊರಬಂತು. ಇನ್ನೊಂದು. ಒಟ್ಟು ಐದು. ಸಹಾಯಕ ಅವನ್ನು ಟ್ರೇ ಮೇಲೆ ಸಾಲಾಗಿ ಜೋಡಿಸಿದ. ಒಳಗೆ ಇನ್ನೂ ಒಂದು ಗಟ್ಟಿಯಾಗಿ ಬೆರಳಿಗೆ ಸಿಗುತ್ತಿತ್ತು, ಬರಲಿಲ್ಲ.

"ಆರನೇದು ಹಠ ಮಾಡ್ತಿದೆ. ತಾನಾಗೇ ಬರುತ್ತೆ ಬಿಡಿ. ಕಾಳು ಕಮ್ಮಿ ಮಾಡಿ, ಬೇಯಿಸಿ ಕೊಡಿ," ಅಂದೆ. ರಿಜಿಸ್ಟರಿನಲ್ಲಿ ದನ, ಎಮ್ಮೆ, ಕುರಿ, ಮೇಕೆ, ನಾಯಿ, ಕೋಳಿಗಳಿಗೆಲ್ಲ ಕಾಲಮ್ ಇದೆ. ನಾನು 'ಇತರೆ' ಎಂಬಲ್ಲಿ 'ಅಜೀರ್ಣ' ಎಂದು ಬರೆದೆ. ಆ ಕಾಲಮ್ಮಿನಲ್ಲಿ ಅದಕ್ಕೂ ಹಿಂದೆ ಇದ್ದದ್ದು ಸರ್ಕಸ್ಸಿನ ಒಂದು ಒಂಟೆ.

ಆರನೆಯದು ಕಾಳಲ್ಲ, ಗಡ್ಡೆ.

ಇದು ತಿಳಿಯಲು ಮೂರು ವಾರ ಬೇಕಾಯಿತು. ಸಂಕ್ರಾಂತಿ ಕಳೆದು, ಅವರೆ ಮುಗಿಯುತ್ತ ಬಂದಾಗ ಗೌಡರು ಮತ್ತೆ ಡಬ್ಬಿ ಇಟ್ಟರು. ಈ ಸಲ ಬಾಗಿಲ ಕಡೆ ನೋಡಲಿಲ್ಲ.

"ಸೀಸನ್ನೇ ಮುಗೀತು ಡಾಕ್ಟ್ರೇ, ನಿಮ್ಮ ಆರನೇ ಕಾಳು ಮುಗೀಲಿಲ್ಲ."

ಉಬ್ಬು ಈಗ ದೊಡ್ಡ ನೆಲ್ಲಿಕಾಯಿಯಷ್ಟಿತ್ತು. ತಲೆ ಎಡಕ್ಕೆ ವಾಲಿತ್ತು. ಬಲಗೆನ್ನೆಯ ಚೀಲದೊಳಗೆ ಒಂದೇ ಒಂದು ಕಾಳು ಹಿಡಿಯುವಷ್ಟು ಜಾಗ ಉಳಿದಿತ್ತು. ಅದು ಆ ಒಂದು ಕಾಳನ್ನೂ ಬಿಡದೆ ತುಂಬಿಕೊಂಡಿತ್ತು. ನಾನು ಬೆಂಗಳೂರಿನಲ್ಲಿ ಸಣ್ಣ ಪ್ರಾಣಿಗಳನ್ನಷ್ಟೇ ನೋಡುವ, ನನ್ನ ಕೈಕೆಳಗೆ ಒಂದು ವರ್ಷ ಕಲಿತ ಕಿರಿಯ ಡಾಕ್ಟರಿಗೆ ಫೋನು ಮಾಡಿದೆ. ಆತ ಎಲ್ಲ ಕೇಳಿಸಿಕೊಂಡು, "ಸರ್, ಮೂರು ವಾರ ಮೊದಲು ಬಂದಿದ್ರೆ ಕಡಲೆಕಾಳಷ್ಟು ಇರೋದು," ಅಂದ. ಮೂರು ವಾರ ಮೊದಲು ಅದು ಎಲ್ಲಿ ಬಂದಿತ್ತು ಎಂದು ನಾನು ಹೇಳಲಿಲ್ಲ. "ಕಳಿಸಿಕೊಡಿ ಸರ್, ನಮ್ಮಲ್ಲಿ ಗ್ಯಾಸ್ ಅನಸ್ತೇಶಿಯಾ ಇದೆ."

ಕಳಿಸಬಹುದಿತ್ತು. ಗೌಡರು ಜೀಪು ತರಲು ಸಿದ್ಧರಿದ್ದರು. ಆದರೆ ಮೊದಲ ತಪ್ಪು ನನ್ನ ಕೈಯಿಂದಾಗಿತ್ತು, ಅದನ್ನು ನನ್ನ ಕೈಯಿಂದಲೇ ಸರಿಮಾಡಬೇಕು ಅನಿಸಿತು. ಆಗ ಅದನ್ನು ಹೊಣೆಗಾರಿಕೆ ಎಂದುಕೊಂಡೆ. "ಇಲ್ಲೇ ಮಾಡ್ತೀನಿ. ಔಷಧಿ ಡೋಸ್ ಹೇಳಪ್ಪ ಸಾಕು," ಅಂದೆ. ಆತ ಹೇಳಿದ, ಕೊನೆಗೆ, "ಹಿಂದಿನ ದಿನ ಮೇವು ನಿಲ್ಲಿಸೋಕೆ ಹೇಳಿಲ್ಲ ತಾನೆ ಸರ್? ಇದು ದನ ಅಲ್ಲ. ಖಾಲಿ ಹೊಟ್ಟೇಲಿ ಇಟ್ರೆ ಮತ್ತಿನ ಔಷಧಿ ಕೊಡೋ ಮೊದಲೇ ಹೋಗ್ಬಿಡುತ್ತೆ," ಅಂದ. ನಾನು ಗೌಡರಿಗೆ ಹಾಗೆ ಹೇಳಿ ಐದು ನಿಮಿಷವಾಗಿತ್ತು. ಗೌಡರನ್ನು ಗೇಟಿನ ಹತ್ತಿರ ಹಿಡಿದು ನಿಲ್ಲಿಸಿ ಮಾತು ವಾಪಸು ತೆಗೆದುಕೊಂಡೆ.

ಅಲ್ಲೇ, ಗೇಟಿನ ಹತ್ತಿರವೇ, ಇನ್ನೊಂದು ಪ್ರಶ್ನೆ ಎದ್ದಿತು. ಬದುಕಿದರೂ ಹತ್ತು ದಿನ ಅದು ನನ್ನ ಬಳಿಯೇ ಇರಬೇಕು. ಹತ್ತು ದಿನ ಕೈ ಆಡದಿದ್ದರೆ ಮತ್ತೆ ಗಟ್ಟಿಯಾಗಿಬಿಡುತ್ತದೆ ಎಂದು ಫಿಸಿಯೋಥೆರಪಿಸ್ಟ್ ಎಚ್ಚರಿಸಿದ್ದರಂತೆ. ಸತ್ತರಂತೂ ಆ ಕೈಯ ಕಥೆ ಮುಗಿದ ಹಾಗೆಯೇ. ಸಾಯುತ್ತದೆ ಎಂದೇ ನನ್ನ ಅಂದಾಜು.

"ಹೇಳ್ಬಿಡಣ ಡಾಕ್ಟ್ರೇ," ಅಂದರು ಗೌಡರು. "ಹಿಂಗಿಂಗೆ, ಆಪರೇಷನ್ನು ಅಂತ. ಮಾತು ಹೋಗೈತೆ ಅಷ್ಟೇ, ಕಿವಿ ನೆಟ್ಟಗೈತೆ ಅವಳಿಗೆ."

ಆ ಮನುಷ್ಯನ ಬಾಯಲ್ಲಿ ಈ ಮಾತು ನಾನು ನಿರೀಕ್ಷಿಸಿರಲಿಲ್ಲ. ಅವರ ಮನೆಯಲ್ಲಿ ಮನೆಹಾಲಿಗೆಂದು ಸಾಕಿದ ಒಂದು ನಾಟಿ ಹಸುವಿತ್ತು. ಕಾರ್ತೀಕದಲ್ಲಿ ಅದರ ಕರು ಸತ್ತಿತ್ತು. ಕರು ಇಲ್ಲದೆ ಹಸು ಸೊರೆ ಬಿಡಲಿಲ್ಲ, ಹಾಲು ಕೆಚ್ಚಲಿಗೆ ಇಳಿಯಲಿಲ್ಲ. ಸತ್ತ ಕರುವಿನ ಚರ್ಮ ಸುಲಿಸಿ, ಉಪ್ಪು ಹಾಕಿ ಒಣಗಿಸಿ, ಹುಲ್ಲು ತುಂಬಿ ಹೊಲಿದು ಮುಂದೆ ನಿಲ್ಲಿಸಿದ್ದರು. ಹಳೆಯ ಪದ್ಧತಿ. ಹಸು ಆ ಹುಲ್ಲಿನ ಕರುವನ್ನು ನೆಕ್ಕುತ್ತ ಚೊಂಬು ತುಂಬ ಹಾಲು ಕೊಡುವುದನ್ನು ನಾನೇ ನೋಡಿದ್ದೆ.

"ನಿಮ್ಮ ನಾಟಿ ಹಸುಗೆ ಹೇಳಿದ್ರಾ ಗೌಡ್ರೇ, ಕರು ಸತ್ತೋಯ್ತು ಅಂತ?"

"ಹಸುಗೆ ಯಾರಾದ್ರೂ ಹೇಳ್ತಾರಾ?"

"ಹಾಲು ಬಿಡ್ತಾ ಇಲ್ವಾ? ಹೊಸಕೋಟೇಲಿ ಮೀನು ಮಾರೋ ಅಂಗಡೀಲಿ ಇಂಥವು ಸಿಗ್ತವೆ. ಇದೇ ಬಣ್ಣದ್ದು ಒಂದು ತನ್ನಿ."

ಗೌಡರು ಡಬ್ಬಿಯನ್ನು ಕಂಕುಳಿಗೆ ಸೇರಿಸಿಕೊಂಡರು. ಆಮೇಲೆ, "ನೀವು ನಮಗಿಂತ ಗಟ್ಟಿ ಕಣ್ರೀ," ಅಂದರು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಮರುದಿನ ಬೆಳಿಗ್ಗೆ ಮೊದಲು ತೂಕ ಆಗಬೇಕಿತ್ತು. ಒಂದೆರಡು ಗ್ರಾಂ ಹೆಚ್ಚುಕಡಿಮೆಯಾದರೂ ಡೋಸು ತಪ್ಪುತ್ತದೆ. ಗೌಡರೂ ನಾನೂ ಪೇಟೆಯ ಅಕ್ಕಸಾಲಿಯ ಬಳಿ ಹೋದೆವು. ಆತ ಗಾಜಿನ ಗೂಡಿನ ತಕ್ಕಡಿಯ ಮೇಲೆ ಮೊದಲು ಖಾಲಿ ಡಬ್ಬಿ ಇಟ್ಟು, ಸೊನ್ನೆ ಮಾಡಿ, ಆಮೇಲೆ ಹ್ಯಾಮ್‌ಸ್ಟರ್ ಸಮೇತ ಇಟ್ಟ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಒಟ್ಟು ನೂರ ನಲವತ್ತಾರು ಗ್ರಾಂ. ಕಲ್ಲು ಕಳೀಬೇಕಾ ಸ್ವಾಮಿ?"

"ಯಾವ ಕಲ್ಲು?"

"ಕುತ್ತಿಗೇಲೈತಲ್ಲ. ಒಡವೇಲಿ ಕಲ್ಲಿದ್ರೆ ಅದರ ತೂಕ ಬಿಟ್ಟು ಚಿನ್ನದ ತೂಕ ಹೇಳೋದು ನಮ್ಮ ವಾಡಿಕೆ."

ಗಡ್ಡೆಯ ತೂಕಕ್ಕೆ ಮತ್ತಿನ ಔಷಧಿ ಕೊಡುವ ಅಗತ್ಯವಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. ಪೂರಾ ತೂಕಕ್ಕೆ ಔಷಧಿ ಹಾಕಿದ್ದರೆ ಅದು ಮತ್ತೆ ಏಳುತ್ತಿರಲಿಲ್ಲ. "ಎಷ್ಟಿರಬಹುದು?" ಅಂದೆ. ಆತ ಕಿರುಬೆರಳಿನಿಂದ ಗಡ್ಡೆಯನ್ನು ಒಮ್ಮೆ ಎತ್ತಿ ಬಿಟ್ಟು, "ಇಪ್ಪತ್ತಕ್ಕೆ ಒಂದು ಕಮ್ಮಿ," ಅಂದ. ಹಾಗೆಯೇ ಆತನ ಸಣ್ಣ ಚಿಮಟವನ್ನೂ ಎರವಲು ತಂದೆ. ನಮ್ಮ ಆಸ್ಪತ್ರೆಯ ಚಿಮಟದಲ್ಲಿ ಹಸುವಿನ ಕಿವಿ ಹಿಡಿಯಬಹುದು, ಇಲಿಯ ರಕ್ತನಾಳವನ್ನಲ್ಲ.

ಹಸುವಿಗೆ ಬಳಸುವ ಮತ್ತಿನ ಔಷಧಿಗಳನ್ನು ಸಲೈನಿನಲ್ಲಿ ಹತ್ತು ಪಟ್ಟು ತೆಳುಮಾಡಿ, ಸಕ್ಕರೆ ಕಾಯಿಲೆಯವರ ಸಿರಿಂಜಿನಲ್ಲಿ ಎಳೆದು ಹೊಟ್ಟೆಯೊಳಕ್ಕೆ ಕೊಟ್ಟೆ. ಅದು ಡಬ್ಬಿಯೊಳಗೆ ಎರಡು ಸುತ್ತು ಹಾಕಿ, ಕುಡಿದವರ ಹಾಗೆ ಹಿಂಗಾಲು ಎಳೆದು, ಮಗ್ಗುಲಾಯಿತು. ಕೋಳಿಮರಿ ಸಾಕುವವರಿಂದ ತಂದ ಬಲ್ಬನ್ನು ಸಹಾಯಕ ಒಂದು ಗೇಣು ಮೇಲೆ ಹಿಡಿದು ನಿಂತ. ಇಷ್ಟು ಸಣ್ಣ ಮೈ ಮತ್ತಿನಲ್ಲಿ ತಣ್ಣಗಾದರೆ ಅದೂ ಸಾವೇ. ಕೂದಲು ಬೋಳಿಸಿದೆ. ಇಡೀ ಮೈಯಲ್ಲಿ ಎರಡು ಚಮಚ ರಕ್ತ. ಅರ್ಧ ಚಮಚ ಹೋದರೆ ಕಷ್ಟ. ಅಷ್ಟನ್ನೂ ನೆನಪಿಟ್ಟುಕೊಂಡು ಚರ್ಮ ಕೊಯ್ದೆ.

ಗಡ್ಡೆ ಮೇಲಿನ ಭಾಗದಲ್ಲಿ ಸಲೀಸಾಗಿ ಬಿಡಿಸಿಕೊಂಡಿತು. ಕೆಳಗೆ ಕೆನ್ನೆಚೀಲಕ್ಕೆ ಅಂಟಿ, ಒಂದಾಗಿತ್ತು. ಚೀಲ ಉಳಿಸಿದರೆ ಗಡ್ಡೆಯ ಬೇರು ಉಳಿಯುತ್ತದೆ. ಎರಡು ನಾಳ ಕಟ್ಟಿ, ಬಲಗಡೆಯ ಚೀಲವನ್ನು ಪೂರಾ ತೆಗೆದುಬಿಟ್ಟೆ. ಒಳಗಿದ್ದ ಒಂದು ಕಾಳು ಟ್ರೇಗೆ ಬಿತ್ತು. ಅಷ್ಟರಲ್ಲಿ ಸಹಾಯಕ, "ಸಾ, ಉಸ್ರು ನಿಂತೋಯ್ತು," ಅಂದ.

ಎದೆಯ ಮೇಲೆ ಬೆರಳಿಟ್ಟು ಒತ್ತಿದೆ. ಏನೂ ಇಲ್ಲ. ಗೌಡರು ಬಾಗಿಲಲ್ಲೇ ನಿಂತಿದ್ದರು. ಅವರ ಕಡೆ ನೋಡಲಿಲ್ಲ. ಸಹಾಯಕ ಬಲ್ಬನ್ನು ಅವರ ಕೈಗೆ ಕೊಟ್ಟು, ಮೂಲೆಯ ಪೊರಕೆಯಿಂದ ಒಂದು ಎಳೆ ಕಿತ್ತು, ಅದರ ತುದಿಯನ್ನು ಹ್ಯಾಮ್‌ಸ್ಟರಿನ ಮೂಗಿಗೆ ಬಿಟ್ಟು ತಿರುವಿದ. ಹುಟ್ಟಿದ ಕರು ಉಸಿರೆಳೆಯದಿದ್ದರೆ ಹುಲ್ಲುಕಡ್ಡಿಯಲ್ಲಿ ಹೀಗೇ ಮಾಡುತ್ತೇವೆ. ನಾನು ಎದೆ ಒತ್ತುತ್ತಲೇ ಇದ್ದೆ, ಅವನು ತಿರುವುತ್ತಲೇ ಇದ್ದ. ಅದು ಸೀನಿತು. ಆಮೇಲೆ ಉಸಿರಾಡಿತು.

"ಕರುಗೂ ಇದಕ್ಕೂ ಮೂಗು ಒಂದೇ ಸಾ," ಎಂದು ಅವನು ಪೊರಕೆ ಎಳೆಯನ್ನು ಕಿವಿಗೆ ಸಿಕ್ಕಿಸಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಹೊಲಿಗೆ ಹಾಕಿಸಿಕೊಂಡ ಹ್ಯಾಮ್‌ಸ್ಟರ್ ಟವೆಲಿನಲ್ಲಿ ಕಣ್ಣು ಬಿಟ್ಟಿತು. ಗಡ್ಡೆಯನ್ನು ಅಕ್ಕಸಾಲಿಗೆ ಕಳಿಸಿದೆ. ಹತ್ತೊಂಬತ್ತೇ ಗ್ರಾಂ ಬಂತು. ಮೂವತ್ತು ವರ್ಷದಲ್ಲಿ ಅಷ್ಟು ಚೊಕ್ಕವಾದ ಆಪರೇಷನ್ ನಾನು ಮಾಡಿರಲಿಲ್ಲ. ಗೌಡರು ಒಂದು ರಟ್ಟಿನ ಪೆಟ್ಟಿಗೆ ಹಿಡಿದಿದ್ದರು. ಒಳಗೆ ಇನ್ನೊಂದು ಓಡಾಡುವ ಸದ್ದು.

"ಬದುಕ್ಕೊಂತಲ್ಲ ಡಾಕ್ಟ್ರೇ. ಈಗಲಾದ್ರೂ ನಿಜ ಹೇಳಣ. ಹತ್ತು ದಿನ ತಡ್ಕೊಳ್ತಾಳೆ."

"ನಾಳೆ ಸತ್ರೆ? ಒಂದು ಸಲ ಹೇಳಿದ್ಮೇಲೆ ಬದಲಿ ಇಡೋಕಾಗುತ್ತಾ? ಈಗ ಪಂಜರ ಖಾಲಿ ಬಿಡಬಾರದು. ನಾನೇ ಬರ್ತೀನಿ, ನಡೀರಿ."

ಹೀಗೆ ಅದನ್ನು ತೀರ್ಮಾನಿಸಿದವನು ನಾನು. ಬರೆಯುವಾಗ ಅದೃಷ್ಟ, ವಿಧಿ ಎಂದೆಲ್ಲ ಒಂದು ಪದ ಸೇರಿಸಲು ಜಾಗವಿದೆ, ಸೇರಿಸುವುದಿಲ್ಲ.

ಗೌಡರ ಹೆಂಡತಿ ಜಗಲಿಯಲ್ಲಿ ದಿಂಬಿಗೆ ಒರಗಿದ್ದರು. ಎದುರಿಗೇ ಕೊಟ್ಟಿಗೆ, ನಾಟಿ ಹಸುವಿನ ಮುಂದೆ ಹುಲ್ಲಿನ ಕರು ಗೋಡೆಗೆ ಒರಗಿ ನಿಂತಿತ್ತು, ಒಂದು ಕಿವಿ ಕೊಟ್ಟಿಗೆಯ ಇಲಿ ತಿಂದದ್ದು. ಬಟ್ಟಲಲ್ಲಿ ನೆನೆಸಿದ ಕಾಳು. ಹೊಸದನ್ನು ಪಂಜರದೊಳಗೆ ಬಿಟ್ಟೆವು. ಆಸ್ಪತ್ರೆಯ ಗಂಭೀರ ದನಿಯಲ್ಲಿ ನಾನು, "ನೋಡಿ ಅಮ್ಮಾ, ಗಡ್ಡೆ ತೆಗೆದೆ. ಒಂದು ಗೀರೂ ಕಾಣೋ ಹಂಗಿಲ್ಲ," ಅಂದೆ. ಗೌಡರು ಕೊಟ್ಟಿಗೆಯ ಕಡೆ ಮುಖ ಮಾಡಿ ನಿಂತರು.

ಆಕೆ ಬಲಗೈಯನ್ನು ಬಟ್ಟಲಿಗೆ ತಂದರು. ಕಾಳು ಹಿಡಿಯಲು ಮೂರು ಸಲ ಜಾರಿತು. ನಾಲ್ಕನೆಯ ಸಲ ಹಿಡಿದು ಹಿತುಕಿದರು. ಬೇಳೆ ಹೊರಗೆ ಹಾರದೆ ಬೆರಳ ನಡುವೆಯೇ ಉಳಿಯಿತು. ಎಂಟು ತಿಂಗಳಲ್ಲಿ ಆ ಕೈ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದನ್ನು ನೋಡಿರಲಿಲ್ಲ ಎಂದು ಗೌಡರು ಆಮೇಲೆ ಹೇಳಿದರು. ಕಂಬಿಯ ಸಂದಿನಲ್ಲಿ ಬೇಳೆ ಹಿಡಿದರು. ಹೊಸದು ಓಡಿ ಬಂತು. ತೆಗೆದುಕೊಂಡಿತು. ಅಲ್ಲೇ ಕೂತು, ಮುಂಗಾಲಲ್ಲಿ ಹಿಡಿದು, ಕಟಕಟ ಕಡಿದು ತಿಂದುಬಿಟ್ಟಿತು.

ಆಕೆ ಅದು ತಿನ್ನುವುದನ್ನು ಕೊನೆಯವರೆಗೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಅದಲ್ಲ," ಅಂದರು.

ಎಂಟು ತಿಂಗಳ ಮೇಲೆ ಬಂದ ಮೊದಲ ಮಾತು. ಅಕ್ಷರ ಒಂದೂ ತೊದಲಲಿಲ್ಲ. ಗೌಡರು ತಿರುಗಿ ನಿಂತು, ಸಂತೋಷ ಪಡಬೇಕೋ ಬೇಡವೋ ತಿಳಿಯದೆ ಪಂಚೆಯ ತುದಿ ಹಿಡಿದುಕೊಂಡರು. ಆಕೆ ಬಟ್ಟಲನ್ನು ಎಡಗೈಯಿಂದ ತಳ್ಳಿದರು. ಕಾಳು ಜಗಲಿಯ ತುಂಬ ಹರಡಿತು. ಗೋಡೆಯ ಕಡೆ ಮುಖ ಮಾಡಿದರು.

ಗೇಟಿನವರೆಗೆ ಬಂದ ಗೌಡರು, "ಒಂದು ಮಾತು ಹೇಳ್ಬೇಕಾಗಿತ್ತು ನಿಮಗೆ," ಅಂದರು. "ನಮ್ಮನೇಲಿ ಹುಲ್ಲಿನ ಕರ ಹೊಲೀತಿದ್ದೋಳು ಅವಳೇ. ನಲವತ್ತು ವರ್ಸದಿಂದ. ಈ ಸಲ ಕೈಲಾಗ್ಲಿಲ್ಲ ಅಂತ ನಾನು ಹೊಲ್ದೆ. ಹೊಲಿಗೆ ಸರಿ ಇಲ್ಲ ಅಂತ ಮಂಚದಿಂದ್ಲೇ ಕಣ್ಣಲ್ಲೇ ಬೈದಿದ್ಲು."

ಹತ್ತು ದಿನ ನಾನು ನಿಜವಾದ ಹ್ಯಾಮ್‌ಸ್ಟರನ್ನು ಮನೆಯಲ್ಲಿಟ್ಟುಕೊಂಡು ನೋಡಿದೆ. ಬಿಸಿನೀರಿನಲ್ಲಿ ಕದಡಿದ ರಾಗಿಹಿಟ್ಟು, ಮೊದಲ ದಿನ ಡ್ರಾಪರಿನಿಂದ, ಆಮೇಲೆ ಚಮಚದಿಂದ. ಐದನೆಯ ದಿನ ಅದು ಒಂದು ಹೊಲಿಗೆ ಕಿತ್ತುಕೊಂಡಿತು; ಮತ್ತೆ ಹಾಕಿದೆ. ಆ ಹತ್ತು ದಿನ ಆಕೆ ಕಾಳು ಮುಟ್ಟಲಿಲ್ಲ. ಫಿಸಿಯೋಥೆರಪಿಸ್ಟ್ ಎರಡು ಸಲ ಬಂದು ಬೆರಳು ಬಿಡಿಸಲು ನೋಡಿ, ಎರಡು ಸಲವೂ ಆಕೆಯಿಂದ ಕೈ ಕಚ್ಚಿಸಿಕೊಂಡರು.

ಹನ್ನೊಂದನೆಯ ದಿನ ಡಬ್ಬಿ ಹಿಡಿದು ಹೋದೆ. ಹೊಸದನ್ನು ತೆಗೆದು ಹಳೆಯದನ್ನು ಪಂಜರಕ್ಕೆ ಬಿಟ್ಟೆ. ಅದು ತನ್ನ ಮೂಲೆಗೆ ಹೋಗಿ ಮೂಸಿತು. ಅದಕ್ಕೆ ಮನೆ ಗೊತ್ತಾಯಿತು. ಬಲಭಾಗ ಬೋಳು, ಮೈಯೆಲ್ಲ ಔಷಧಿಯ ವಾಸನೆ. ಗೌಡರು ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಹೆಂಡತಿಯ ಮುಂದೆ ಅವರು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ.

"ಇದು ಅದೇ ಕಣೇ. ಹೊಲಿಗೆ ನೋಡು. ನಿನ್ನಾಣೆ. ಅವತ್ತಿಂದು ಸುಳ್ಳು, ಇವತ್ತಿಂದು ನಿಜ. ಡಾಕ್ಟ್ರೇ, ನೀವಾದ್ರೂ ಹೇಳಿ."

"ಹೌದಮ್ಮಾ, ಇದು ಅದೇ," ಅಂದೆ. ಅದೇ ಗಂಭೀರ ದನಿ. ನನಗೆ ಬೇರೆ ದನಿ ಇಲ್ಲ.

ಆಕೆ ನನ್ನನ್ನೂ ನೋಡಿದರು, ಪಂಜರವನ್ನೂ ನೋಡಿದರು. ಗೌಡರು ಒಂದು ಕಾಳು ತಾವೇ ಹಿತುಕಿ, ಬೇಳೆಯನ್ನು ಆಕೆಯ ಬಲಗೈಯ ಬೆರಳ ಸಂದಿಗೆ ಇಟ್ಟು, ಆ ಕೈಯನ್ನು ಎತ್ತಿ ಕಂಬಿಗೆ ಹಿಡಿಸಿದರು. ಹ್ಯಾಮ್‌ಸ್ಟರ್ ಬಂತು. ಬೇಳೆ ತೆಗೆದುಕೊಂಡಿತು. ಬಲಗೆನ್ನೆಯಲ್ಲಿ ಚೀಲವಿಲ್ಲ, ತೆಗೆದವನು ನಾನೇ. ನೋವಿನ ನೆನಪಿಗೋ ಹತ್ತು ದಿನದ ರಾಗಿಯ ರೂಢಿಗೋ ಎಡಗೆನ್ನೆಗೂ ತುಂಬಲಿಲ್ಲ. ಅಲ್ಲೇ ಕೂತು, ಮುಂಗಾಲಲ್ಲಿ ಹಿಡಿದು, ಎಡಗಡೆಯ ಹಲ್ಲಿನಿಂದ ನಿಧಾನವಾಗಿ ತಿಂದಿತು.

"ಅದಲ್ಲ."

ಗೌಡರು ಆಕೆಯ ಕೈ ಬಿಟ್ಟರು. ಅದು ಹಾಸಿಗೆಯ ಮೇಲೆ ಬಿದ್ದು ಮಡಚಿಕೊಂಡಿತು.

ಇದಾಗಿ ನಾಲ್ಕು ತಿಂಗಳಾಯಿತು. ಎರಡು ಹ್ಯಾಮ್‌ಸ್ಟರುಗಳೂ ಈಗ ಎರಡು ಪಂಜರಗಳಲ್ಲಿ ನಮ್ಮ ಮನೆಯಲ್ಲಿವೆ. ಗೌಡರು ವಾರಕ್ಕೊಮ್ಮೆ ಒಂದು ಸೇರು ಕಾಳು ತಂದುಕೊಟ್ಟು, ಪಂಜರದ ಕಡೆ ನೋಡದೆ ಹೋಗುತ್ತಾರೆ. ಹುಲ್ಲಿನ ಕರುವನ್ನು ಅವರು ತಿಪ್ಪೆಗೆ ಹಾಕಿದರು. ಹಸು ಬತ್ತಿತು, ಮಾರಿದರು. ಫಿಸಿಯೋಥೆರಪಿಸ್ಟ್ ತಮ್ಮ ಪುಸ್ತಕದಲ್ಲಿ, ಮಾತು: ಒಂದು ಪದ, ಸ್ಪಷ್ಟ, ಎಂದು ಬರೆದಿದ್ದಾರೆ. ಗಡ್ಡೆ ಮತ್ತೆ ಬಂದಿಲ್ಲ. ಬಲಗೈ ಮುಷ್ಟಿಯಾಗಿಯೇ ಇದೆ.